ಟಾಮಿಯವರಿಗೊಂದು ಬಹಿರಂಗ ಅರ್ಜಿ

ಶ್ರೀಮಾನ್ ಟಾಮಿಯವರ ದಿವ್ಯ ಸನ್ನಿಧಾನಕ್ಕೆ,

ಕನೆಕ್ಟಿಕಟ್‌ನಲ್ಲಿ ತಮ್ಮ ಚೈನಿನ ಇನ್ನೊಂದು ತುದಿ ಹಿಡಿದು ಓಡುವ ಮಲೆನಾಡಿನ ಬಡಪಾಯಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತಾವು ಕ್ಷೇಮವೆಂದು ಬಲ್ಲೆ. ಮೊನ್ನೆ ತಮ್ಮ ಡಾಕ್ಟರು ಉಣುಗು ಕಚ್ಚಿ ಬರುವ ಲೈಮ್ ರೋಗದ ಲಸಿಕೆ ಚುಚ್ಚಿ, ಕಚ್ಚಿದ ಉಣುಗು ಸಾಯಲೆಂದು ತಿಂಗಳಿಗೊಂದು ಮಾತ್ರೆ ಬರೆದು, ಬೆನ್ನು ಸವರಿ ಬಿಸ್ಕತ್ತು ಕೊಟ್ಟರು. "ನನಗೂ ಒಂದು ಚುಚ್ಚಿಬಿಡಿ" ಅಂದೆ. "ಮನುಷ್ಯರಿಗೆ ಇಲ್ಲ" ಅಂದರು. ಬಿಸ್ಕತ್ತೂ ಕೊಡಲಿಲ್ಲ.

ರೋಗಕ್ಕೆ ಹೆಸರು ಬಂದದ್ದೇ ನಮ್ಮ ಕನೆಕ್ಟಿಕಟ್ ರಾಜ್ಯದ ಲೈಮ್ ಊರಿನಿಂದ. 1975ರಲ್ಲಿ ಮಕ್ಕಳ ಮಂಡಿ ಊದುವುದೇಕೆಂದು ಅಲ್ಲಿನ ತಾಯಂದಿರು ಪಟ್ಟು ಹಿಡಿದ ಮೇಲೆ ತನಿಖೆ ಶುರುವಾಯಿತು. ಈಗ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,76,000 ಮಂದಿ ಇದಕ್ಕೆ ಚಿಕಿತ್ಸೆ ಪಡೆಯುತ್ತಾರೆಂದು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಅಂದಾಜು.

ನಮಗೂ ಒಂದು ಲಸಿಕೆ ಇತ್ತು ಸ್ವಾಮಿ! ಲೈಮ್‌ರಿಕ್ಸ್, 1998ರಲ್ಲಿ ಒಪ್ಪಿಗೆ ಪಡೆದದ್ದು. ಮೂರು ಡೋಸಿಗೆ ಶೇ 76ರಷ್ಟು ರಕ್ಷಣೆ. ಅದರಿಂದಲೇ ಕೀಲುನೋವು ಬರುತ್ತದೆಂದು ಗುಲ್ಲೆದ್ದಿತು. ಪುರಾವೆ ಸಿಗಲಿಲ್ಲ, ಆದರೆ ವಕೀಲರು ಸಿಕ್ಕರು. ಕೇಸು ಬಿದ್ದವು, ಗಿರಾಕಿಗಳು ಕರಗಿದರು, 2002ರಲ್ಲಿ ಕಂಪನಿ ಕೈತೊಳೆದುಕೊಂಡಿತು. ತಮ್ಮ ಲಸಿಕೆ ಮಾತ್ರ ಉಳಿಯಿತು. ಉಳಿಯದೇನು? ತಾವು ಟಿವಿ ಚರ್ಚೆ ನೋಡುವುದಿಲ್ಲ, ಕೋರ್ಟಿನ ಮೆಟ್ಟಿಲು ಕಂಡರೆ ಕಾಲೆತ್ತಿ ಮುಂದೆ ಹೋಗುತ್ತೀರಿ.

ತಮ್ಮ ಕುಲದಲ್ಲಿ ಸೋಂಕು ತಗುಲಿದರೂ ಬಹುತೇಕರಿಗೆ ಏನೂ ಆಗುವುದಿಲ್ಲ. ಕೆಲವರಿಗಷ್ಟೇ ಜ್ವರ, ಕುಂಟು. ತಾವು ನೆಕ್ಕಿದರೆ ನನಗೆ ರೋಗ ಅಂಟದು, ಅದೂ ಒಪ್ಪಿದೆ. ಆದರೆ ಪೊದೆಯಿಂದ ತಾವು ಹೊತ್ತು ತಂದ ಉಣುಗು ತಮ್ಮ ಮೈಮೇಲಿಂದ ಇಳಿದು ಸೋಫಾ ಹಾದು ನನ್ನನ್ನು ಹತ್ತೀತು. ಮರಿ ಉಣುಗು ಗಸಗಸೆ ಕಾಳಿನಷ್ಟು. ಕಚ್ಚಿಕೊಂಡು ಒಂದು ದಿನ ಕಳೆಯುವುದರೊಳಗೆ ಕಿತ್ತರೆ ಸಾಮಾನ್ಯವಾಗಿ ಬಚಾವು. ಅದಕ್ಕೇ ಸಂಜೆಯಾದರೆ ಬಚ್ಚಲಲ್ಲಿ ಟಾರ್ಚು, ಕನ್ನಡಿ, ಚಿಮಟ ಹಿಡಿದು ಕಂಕುಳು, ಮಂಡಿಯ ಹಿಂಭಾಗವೆಲ್ಲ ತಡಕುತ್ತೇನೆ. ತಾವು ಬಾಗಿಲಲ್ಲಿ ಕೂತು ಆಕಳಿಸುತ್ತೀರಿ.

ಆದ್ದರಿಂದ ನನ್ನನ್ನು ನಾಯಿಯೆಂದು ನೋಂದಾಯಿಸಲು ತಾವು ಡಾಕ್ಟರಿಗೆ ಶಿಫಾರಸು ಮಾಡಬೇಕು. ವಿವರ: ತಳಿ ಮಲೆನಾಡು, ತೂಕ 72 ಕಿಲೋ, ಅನ್ನ ಹಾಕಿದವರ ಮಾತು ಕೇಳುತ್ತದೆ, ಕಚ್ಚುವುದಿಲ್ಲ. ಕಂಪನಿಯ ಮೇಲೆ ಕೇಸು ಹಾಕುವುದಿಲ್ಲವೆಂದು ಬೇಕಾದರೆ ಹೆಬ್ಬೆಟ್ಟು ಒತ್ತುತ್ತದೆ.

ಇಂತಿ ತಮ್ಮ ವಿಧೇಯ,
ಮನೆಯ ಎರಡನೇ ನಾಯಿ (ಅಭ್ಯರ್ಥಿ)