ನ್ಗಾರಾದ ಪಥ್ಯ ಮಂಡಳಿಗೆ ಒಂದು ಬಹಿರಂಗ ಪತ್ರ

ಕರೆಯದೆಯೇ ಸಭೆ ಸೇರಿದ ಪಥ್ಯ ಮಂಡಳಿಯ ಅಕ್ಕಂದಿರೇ, ಅತ್ತೆಯಂದಿರೇ, ಬಾಗಿಲಾಚೆ ನಿಂತೇ ಸಲಹೆ ಕೊಟ್ಟ ಭಾವಂದಿರೇ,

ಗರ್ಭಕೋಶ ತೆಗೆಸಿಕೊಂಡು ಮನೆಗೆ ಬಂದ ನನಗೆ ನೀವು ತೋರಿದ ಅಕ್ಕರೆಗೆ ಋಣಿ. ನಮ್ಮ ನೈರೋಬಿಯ ನ್ಗಾರಾ ಮಾರ್ಕೆಟ್ಟಿನ ಸೊಪ್ಪೆಲ್ಲ ನನ್ನ ಹೊಟ್ಟೆ ಸೇರಿದೆ. ಇಲ್ಲಿಯವರು ಮನಗು ಎಂದು ಮಾರುವ ಗಣಿಕೆ ಸೊಪ್ಪಿನ ತಂಬುಳಿ ಆಯಿತು, ವಿಂಬಿ ಎಂದು ಮಾರುವ ರಾಗಿ ಹಿಟ್ಟಿನ ಅಂಬಲಿ ಆಯಿತು. (ರಾಗಿಗೆ ಪೂರ್ವ ಆಫ್ರಿಕವೇ ತವರು, ನಮಗಿಂತ ಮೊದಲು ಅದು ಇಲ್ಲಿತ್ತು.) ಮೊಸರು ಶೀತ, ಬದನೆ ನಂಜು, ಶತಾವರಿ ಅಮೃತ. ಗಾಯ ಒಣಗಿತೇ, ಹೊಟ್ಟೆ ಸರಿಹೋಗುತ್ತಿದೆಯೇ ಎಂದು ಎಲ್ಲರೆದುರೇ ವಿಚಾರಿಸಿಕೊಂಡಿರಿ. ಆಸೆಯ ಮಾತು ಬಂದಾಗ ಮಾತ್ರ ಒಬ್ಬರು ದನಿ ತಗ್ಗಿಸಿ, 'ಇನ್ನು ಆ ಕಾಟ ತಪ್ಪಿತಲ್ಲ' ಎಂದರು. ಅದನ್ನು ಕಾಟವೆಂದು ನಾನು ದೂರಿದ್ದು ಯಾವಾಗ?

ನಿಮ್ಮ ಪಟ್ಟಿಯಲ್ಲಿ ಅಂಡಾಶಯದ ಹೆಸರೇ ಇಲ್ಲ. ಈಸ್ಟ್ರೊಜೆನ್ ಹುಟ್ಟುವುದು ಅಲ್ಲಿ, ಟೆಸ್ಟೊಸ್ಟೆರಾನಿನ ಒಂದು ದೊಡ್ಡ ಪಾಲೂ ಅಲ್ಲಿಂದಲೇ. ಹೌದು ಭಾವಂದಿರೇ, ಅದು ನಮ್ಮಲ್ಲೂ ಇದೆ. ಗರ್ಭಕೋಶ ಹೋಗಿ ಅಂಡಾಶಯ ಉಳಿದರೆ ಹಾರ್ಮೋನು ನಡೆಯುತ್ತಲೇ ಇರುತ್ತದೆ, ಮುಟ್ಟುನಿಲುಗಡೆ ಕೆಲವು ವರ್ಷ ಮೊದಲೇ ಬರಬಹುದು, ಅಷ್ಟೆ. ಎರಡು ಅಂಡಾಶಯವೂ ಹೋದರೆ ಆ ಕಾಲ ಒಂದೇ ದಿನದಲ್ಲಿ ಬಂದೆರಗುತ್ತದೆ. ಟೆಸ್ಟೊಸ್ಟೆರಾನ್ ಅರ್ಧದಷ್ಟು ಇಳಿಯುತ್ತದೆ, ಯೋನಿ ಒಣಗುತ್ತದೆ, ಕೂಡಿದರೆ ನೋವು. ನೋಯುವ ಕಡೆಗೆ ಆಸೆ ತಾನಾಗಿ ಹೆಜ್ಜೆ ಇಡುವುದಿಲ್ಲ.

ರಾಗಿಯನ್ನು ನಾನು ಹಳಿಯಲಾರೆ. 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಈಸ್ಟ್ರೊಜೆನ್ ಕಳೆದುಕೊಂಡ ಮೂಳೆಗೆ ಬೇಕಾದದ್ದೇ. ಸೋಯಾ ಮೈಬಿಸಿಯನ್ನು ಕೊಂಚ ತಗ್ಗಿಸೀತು. ಒಣಗಿದ್ದಕ್ಕೆ ಮಾತ್ರ ಸೊಪ್ಪಲ್ಲ, ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಮುಲಾಮು ಇದೆ. ಗರ್ಭಕೋಶವಿಲ್ಲದವಳು ಹಾರ್ಮೋನು ಚಿಕಿತ್ಸೆ ಪಡೆದರೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕು, ಪ್ರೊಜೆಸ್ಟರಾನ್ ಬೇಡ. ಮುಟ್ಟು ನಿಂತ ಮೇಲೆ ಆಸೆ ಬತ್ತಿ ಅದೇ ಕೊರಗಾದವರಿಗೆ ಟೆಸ್ಟೊಸ್ಟೆರಾನ್ ಕೊಡಬಹುದೆಂದು ಜಗತ್ತಿನ ತಜ್ಞ ಸಂಘಗಳು 2019ರಲ್ಲಿ ಒಪ್ಪಿವೆ. ಆ ಮಾತು ವೈದ್ಯರ ಕೋಣೆಯದು, ನಮ್ಮ ಹಜಾರದ್ದಲ್ಲ.

'ಕಾಟ ತಪ್ಪಿತು' ಎಂದವರಿಗೆ ಒಂದು ಲೆಕ್ಕ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಗರ್ಭಕೋಶ ತೆಗೆಸಿಕೊಂಡ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಎರಡು ವರ್ಷ ಗಮನಿಸಿ 1999ರಲ್ಲಿ ವರದಿ ಮಾಡಿದರು. ಕೂಡುವಾಗ ನೋವೆಂದವರು ಆಪರೇಷನ್ನಿಗೆ ಮೊದಲು ಶೇ. 18.6, ಆಮೇಲೆ ಶೇ. 3.6. ಆಸೆ ಕುಗ್ಗಿದೆ ಎಂದವರೂ ಶೇ. 10.4ರಿಂದ 6.2ಕ್ಕೆ ಇಳಿದರು. ವರ್ಷಗಟ್ಟಲೆ ರಕ್ತಸ್ರಾವ ತಾಳಿದವರಿಗೆ ಅದು ನಿಂತ ಮೇಲೆ ಹಾಸಿಗೆಯೇ ಹಗುರವಾಯಿತು. ತಪ್ಪಿದ ಕಾಟ ಅದು!

ಇದು ಬೇಕಾಗಿ, ತಿಳಿದು ಮಾಡಿಸಿಕೊಂಡವರ ಮಾತು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹೊಟ್ಟೆನೋವೆಂದು ಹೋದ ಲಂಬಾಣಿ ಹೆಣ್ಣುಮಕ್ಕಳಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ, ಹರೆಯದಲ್ಲೇ ಗರ್ಭಕೋಶ ತೆಗೆದದ್ದು 2015ರ ಹೊತ್ತಿಗೆ ದೊಡ್ಡ ಸುದ್ದಿಯಾಯಿತು. ವಿಚಾರಣೆ ನಡೆಯಿತು, ಹೆಂಗಸರು ಬೀದಿಗಿಳಿದರು. ಅವರ ಆಸೆಯನ್ನು ವಿಚಾರಿಸಿದವರು ಯಾರಾದರೂ ಇದ್ದರೆ ನನಗೆ ಕಂಡಿಲ್ಲ.

ಮಂಡಳಿಯಲ್ಲಿ ನನ್ನದೊಂದು ಅರಿಕೆ. ನಮ್ಮಲ್ಲಿ ಮುಂದೆ ಯಾರಿಗಾದರೂ ಆಪರೇಷನ್ ಎಂದರೆ ಪಥ್ಯಕ್ಕಿಂತ ಮೊದಲು ಇದನ್ನು ಹೇಳಿಕೊಡಿ: ಅಂಡಾಶಯ ಉಳಿಸುತ್ತೀರಾ, ಇಲ್ಲವಾದರೆ ಏಕೆ ಎಂದು ವೈದ್ಯರನ್ನು ಕೇಳಲಿ, ಉತ್ತರ ಸಿಕ್ಕ ಮೇಲೆಯೇ ಸಹಿ ಹಾಕಲಿ.

ಇತಿ,
ನಿಮ್ಮ ಪಥ್ಯದಲ್ಲಿರುವ ಒಬ್ಬಳು