ಮಲಗಿದ ಮಗು, ಎದ್ದಿರೋ ಕಿವಿ

ಪಕ್ಕದ ಮನೆ ಹುಡುಗಿಯ 26 ವಾರದ ಹೆರಿಗೆ ರಜೆ ಮುಗೀತಾ ಬಂದಿದ್ದು ನಿಮಗೂ ಗೊತ್ತು. ಕೂಸನ್ನ ನೋಡಿಕೊಳ್ಳೋಕೆ ನಾಗಮಂಗಲದ ಕಡೆಯ ಒಬ್ಬ ಅಕ್ಕ ಸಿಕ್ಕಿದ್ದೂ ಗೊತ್ತು. ಕರಾರುಪತ್ರ ಬರೆದ ಕತೆ ಮಾತ್ರ ನಿಮಗೆ ಪೂರ್ತಿ ಹೇಳಿರಲಿಲ್ಲ, ಅಲ್ವಾ?

ಅವತ್ತು ಶನಿವಾರ. ಕಾಂಪೌಂಡ್ ಗೋಡೆ ಮೇಲೆ ಒಂದು ಕಾಗದ ಇಟ್ಟು, "ಆಂಟಿ, ಇದೊಂಚೂರು ನೋಡಿಕೊಡಿ" ಅಂದಳು. ನೋಡಿದರೆ, ಅವರ ಹಳೇ ಬಾಡಿಗೆ ಕರಾರನ್ನೇ ಮುಂದಿಟ್ಟುಕೊಂಡು ಬರೆದಿದ್ದಾಳೆ. ಒಂದನೇ ಪಾರ್ಟಿ, ಎರಡನೇ ಪಾರ್ಟಿ ಎಲ್ಲ ಇದೆ. "ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸತಕ್ಕದ್ದು" ಅನ್ನೋದೂ ಹಾಗೇ ಉಳಿದುಬಿಟ್ಟಿದೆ! ಮನೆಗೆ ಹೇಳಿದ ಮಾತು ಮಗುವಿನ ಮೇಲೆ ಬಂದು ಕೂತಿದೆ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಗೆರೆ ಹಾಕಿದ ಹಾಳೆ ತಂದು, ಆ ಅಕ್ಕನನ್ನೂ ಜಗಲಿಯಲ್ಲೇ ಕೂರಿಸಿಕೊಂಡು, ಮೊದಲಿಂದ ಶುರು ಮಾಡಿದ್ವಿ. ರುಜು ಹಾಕೋರಿಗೆ ಅರ್ಥವಾಗದ ಮಾತು ಬರೆದರೆ ಅದೆಂಥ ಕರಾರು?

ಹುಡುಗಿಯ ಅತ್ತೆಗೆ ಮಾತ್ರ ಇದು ಸರಿಬರಲಿಲ್ಲ. "ಮನೆಯವಳ ಥರ ಇರೋಳಿಗೆ ಕಾಗದ ಯಾಕೆ?" ಅಂದರು. ಮನೆಯವಳ ಥರ ಅಂದ ಕೂಡಲೇ ನನಗೆ ನಮ್ಮೂರಿನ ನೀರು ಹಾಕೋ ಅಜ್ಜಿ ನೆನಪಾಯ್ತು ನೋಡಿ.

ನನ್ನ ತಮ್ಮ ಹುಟ್ಟಿದಾಗ ಬರ್ತಿದ್ದರು. ಬಚ್ಚಲಲ್ಲಿ ಮಣೆ ಮೇಲೆ ಕೂತು, ಕಾಲು ನೀಡಿ, ಎರಡು ಕಾಲಿನ ನಡುವಿನ ಹಳ್ಳದಲ್ಲಿ ಕೂಸನ್ನ ಬೋರಲು ಮಲಗಿಸಿ ಹರಳೆಣ್ಣೆ ತಿಕ್ಕೋರು. ಹಂಡೆಯಿಂದ ತೋಡಿದ ನೀರನ್ನ ಮೊದಲು ತಮ್ಮ ಕಾಲಿಗೆ ಹೊಯ್ದುಕೊಂಡು ಬಿಸಿ ನೋಡೋರು, ಆಮೇಲೆ ಕೂಸಿಗೆ. ಎಷ್ಟು ಮನೆಯ ಕೂಸುಗಳ ಬಿಸಿನೀರು ಬಿದ್ದಿತ್ತೋ, ಮೊಣಕಾಲ ಕೆಳಗಿನ ಚರ್ಮ ಕಪ್ಪಗೆ, ನುಣ್ಣಗೆ ಆಗಿಹೋಗಿತ್ತು. ಮೂರು ತಿಂಗಳು ಒಂದು ದಿನ ತಪ್ಪಿಸಲಿಲ್ಲ. ಕೊನೇ ದಿನ ನಮ್ಮ ಮನೆಯಲ್ಲಿ ಒಂದು ಮೊರ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಕೊಟ್ಟರು. ಅಜ್ಜಿ ಮೊರವನ್ನೇ ನೋಡ್ತಾ ಒಂದು ಗಳಿಗೆ ನಿಂತರು, ಸೆರಗು ಸರಿಮಾಡಿಕೊಂಡು ಹೊರಟರು. ಅವರು ಇನ್ನೇನೋ ನೆಚ್ಚಿಕೊಂಡಿದ್ದರು ಅಂತ ನನಗೆ ಈಗ ಅನ್ನಿಸುತ್ತೆ. ಮನೆಯವರ ಥರ ಅಂದಮೇಲೆ ಇಷ್ಟು ಕೊಡಿ ಅಂತ ಬಾಯಿಬಿಟ್ಟು ಕೇಳೋದು ಹೇಗೆ ಹೇಳಿ? ಆ ಬಾಯಿ ಬಿಡಿಸೋಕೇ ಕಾಗದ ಬೇಕು ಅಂತ ಅತ್ತೆಯವರಿಗೂ ಅಂದೆ.

ಸಂಬಳ, ಹೊತ್ತು, ಭಾನುವಾರದ ರಜೆ ಬೇಗ ಮುಗೀತು. ಮನೆಗೆಲಸಕ್ಕೂ ಕನಿಷ್ಠ ವೇತನ ಅಂತ ನಮ್ಮ ರಾಜ್ಯ 2004ರಲ್ಲೇ ಗೊತ್ತುಮಾಡಿದೆಯಲ್ಲ, ಅದಕ್ಕಿಂತ ಕೆಳಗಿಳಿಯೋ ಮಾತೇ ಇರಲಿಲ್ಲ. ಮಗು ಬಾಲವಾಡಿಗೆ ಸೇರಿದ ಮೇಲೆ ಕೆಲಸ ಬೇಡ ಅನ್ನೋದಾದರೆ ಒಂದು ತಿಂಗಳು ಮುಂಚೆ ಹೇಳಬೇಕು, ಇಲ್ಲವೇ ತಿಂಗಳ ಸಂಬಳ ಕೊಡಬೇಕು ಅಂತಲೂ ಬರೆದ್ವಿ.

ಸಿಕ್ಕಿಕೊಂಡಿದ್ದು ಎಲ್ಲಿ ಗೊತ್ತಾ? ಮಗು ಮಲಗಿದಾಗ! "ಮಗು ಮಲಗಿದ ಹೊತ್ತಲ್ಲಿ ತರಕಾರಿ ಹೆಚ್ಚೋದು, ಬಟ್ಟೆ ಮಡಚೋದು" ಅಂತ ಹುಡುಗಿ ಬರೆದಿದ್ದಳು. ಅಕ್ಕ ಮೆಲ್ಲಗೆ, "ಮಗು ಮಲ್ಗಿದ್ರೂ ನನ್ ಕಿವಿ ಎದ್ದೇ ಇರ್ತದಲ್ಲವ್ವ" ಅಂದರು. ನಾನಂತೂ ಪೆನ್ನು ಕೆಳಗಿಟ್ಟೆ. 2011ರಲ್ಲಿ ಜಿನೀವಾದಲ್ಲಿ ಮನೆಗೆಲಸದವರಿಗಾಗಿ ಒಂದು ಅಂತಾರಾಷ್ಟ್ರೀಯ ಒಪ್ಪಂದ ಆಯ್ತಲ್ಲ, ಕರೆದರೆ ಏಳಬೇಕು ಅಂತ ಕಾದು ಕೂರೋ ಹೊತ್ತಿಗೂ ಲೆಕ್ಕ ಬೇಕು ಅಂತ ಅದರಲ್ಲೂ ಇದೆ. ನಮ್ಮ ದೇಶ ಓಟು ಹಾಕಿತು, ರುಜು ಮಾತ್ರ ಇನ್ನೂ ಹಾಕಿಲ್ಲ. ಹಾಕಬೇಕಪ್ಪ. ಅಲ್ಲಿ ಉದ್ದುದ್ದ ಬರೆದಿದ್ದನ್ನ ಈಕೆ ಒಂದೇ ಮಾತಲ್ಲಿ ಹೇಳಿದರು, ಅಲ್ವಾ? ತರಕಾರಿ, ಬಟ್ಟೆ ಎರಡನ್ನೂ ಹುಡುಗಿಯೇ ಹೊಡೆದುಹಾಕಿ, "ಮಗುವಿನ ಬಟ್ಟೆ, ಮಗುವಿನ ಬಟ್ಟಲು ಮಾತ್ರ" ಅಂತ ಬರೆದಳು.

ಸಿಕ್ಕಿಕೊಂಡ ಇನ್ನೊಂದು ಮಾತು ಊರಹಬ್ಬದ್ದು. ಮಾರಮ್ಮನ ಹಬ್ಬಕ್ಕೆ ಮೂರು ದಿನ ರಜೆ ಬೇಕು ಅಂದರು ಅಕ್ಕ. "ಯಾವ ತಾರೀಕು?" ಅಂತ ಹುಡುಗಿ ಕ್ಯಾಲೆಂಡರ್ ತಿರುವಿದಳು. ಅದು ಕ್ಯಾಲೆಂಡರಿನಲ್ಲಿ ಎಲ್ಲಿ ಸಿಗುತ್ತೆ? ಯಜಮಾನರು ಸೇರಬೇಕು, ದಿನ ಇಡಬೇಕು, ಊರಿಗೆಲ್ಲ ಸಾರಬೇಕು. ಕೊನೆಗೆ "ಊರಿನವರು ದಿನ ಇಟ್ಟಾಗ ಮೂರು ದಿನ, ಸಂಬಳ ಹಿಡಿಯೋ ಹಾಗಿಲ್ಲ" ಅಂತ ಬರೆದ್ವಿ. ಇಡೀ ಕರಾರಿನಲ್ಲಿ ನನಗೆ ತುಂಬಾ ಹಿಡಿಸಿದ ಸಾಲು ಅದೇ.

ಎಲ್ಲ ಗಟ್ಟಿಯಾಗಿ ಓದಿ ಹೇಳಿದ ಮೇಲೆ ಅಕ್ಕ ಒಂದೊಂದೇ ಅಕ್ಷರ ಒತ್ತಿ ಒತ್ತಿ ರುಜು ಹಾಕಿದರು. ತಮ್ಮ ಪ್ರತಿಯನ್ನ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಬ್ಯಾಗಿನ ಒಳಜೇಬಿಗೆ ಇಟ್ಟುಕೊಂಡರು.

ನಿನ್ನೆ ಊರಿಂದ ಫೋನ್ ಬಂತಂತೆ, ದಿನ ಇಟ್ಟಾಯ್ತು. ಬರೋ ಮಂಗಳವಾರದಿಂದ ಗುರುವಾರದವರೆಗೆ. ಮೂರು ದಿನ ಕೂಸು ನನ್ನ ಹತ್ತಿರ ಇರಲಿ ಅಂದಿದೀನಿ. ಬುಧವಾರ ಮಧ್ಯಾಹ್ನ ಮಾತ್ರ ನನಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗೋದಿದೆ. ಆ ಎರಡು ಗಂಟೆ ನೀವು ಬಂದು ಕೂರ್ತೀರಾ?