ಬೆಲ್ಲಕ್ಕೊಂದು ಕಥೆ ಬೇಕು

ಮಂಡ್ಯ ಕಡೆಯ ಒಂದು ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ. ಬೆಂಗಳೂರಿನಿಂದ ಮಾರ್ಕೆಟಿಂಗ್ ತಜ್ಞರು ಬಂದಿಳಿದಿದ್ದಾರೆ.

ತಜ್ಞರು: ಗೌಡ್ರೇ, ನಿಮ್ಮ ಬೆಲ್ಲಕ್ಕೊಂದು ಕಥೆ ಬೇಕು.

ಗೌಡ್ರು: ವ್ಯಥೆನೇ ಐತಲ್ಲ ಸಾ. ಮಂಡೀಲಿ ಬೆಳ್ಳಗಿರೋದನ್ನೇ ಕೇಳ್ತಾರೆ. ಬೆಳ್ಳಗಾಗ್ಬೇಕಂದ್ರೆ ಹೈಡ್ರೋಸ್ ಅನ್ನೋ ಕೆಮಿಕಲ್ ಸುರೀಬೇಕು.

ತಜ್ಞರು: ಛೆ! ಸಿಟಿಯವರಿಗೆ ಈಗ ಕಪ್ಪು ಬೆಲ್ಲವೇ ಬೇಕು.

ಗೌಡ್ರು: ನಮ್ಮಪ್ಪ ಬೆಂಡೆಗಿಡದ ಲೋಳೇಲೇ ಕೊಳೆ ತೆಗೀತಿದ್ದ. ಆಗ ‘ಕರೀ ಬೆಲ್ಲ’ ಅಂತ ಮೂತಿ ತಿರುವಿದೋರೂ ಸಿಟಿಯೋರೇ.

ತಜ್ಞರು: ಅದಕ್ಕೇ ಈಗ ಪ್ರೀಮಿಯಂ ಅಂತಾರೆ. ಗಾಜಿನ ಬಾಟಲಿ, ಕ್ಯೂಆರ್ ಕೋಡ್, ಪೇಟ ಕಟ್ಟಿದ ನಿಮ್ಮ ಫೋಟೊ.

ಗೌಡ್ರು: ನಾನು ಪೇಟ ಕಟ್ಟಿದ್ದು ಮದ್ವೇಲಿ ಮಾತ್ರ. ಬಾಟ್ಲಿಗೆಷ್ಟಾಯ್ತದೆ?

ತಜ್ಞರು: ಬೆಲ್ಲಕ್ಕಿಂತ ಒಂಚೂರು ಜಾಸ್ತಿ. ಚಿಂತೆ ಬೇಡ, ಕಿರು ಆಹಾರ ಉದ್ದಿಮೆಗಳಿಗೆ 2020ರಿಂದ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಇದೆ. ಅದರಲ್ಲಿ ಮಂಡ್ಯ ಜಿಲ್ಲೆಯ ಉತ್ಪನ್ನ ಅಂತ ಆರಿಸಿರುವುದೇ ಬೆಲ್ಲ. ಶೇ. 35 ಸಹಾಯಧನ, 10 ಲಕ್ಷದವರೆಗೆ!

ಗೌಡ್ರು: ಸಹಾಯಧನ ಬರೋದು ಸಾಲ ಆದ್ಮೇಲೆ. ಸಾಲ ಬರೋದು ಪ್ರಾಜೆಕ್ಟ್ ರಿಪೋರ್ಟ್ ಆದ್ಮೇಲೆ. ಅಷ್ಟ್ರಲ್ಲಿ ನಮ್ಮ ಕಬ್ಬು ಸೂಲಂಗಿ ಬಿಟ್ಟಿರ್ತದೆ.

ತಜ್ಞರು ಬಿಸಿ ಬೆಲ್ಲದ ಚೂರನ್ನು ಬಾಯಿಗಿಟ್ಟುಕೊಂಡರು. ಕಣ್ಣು ತಾನಾಗಿ ಮುಚ್ಚಿತು.

ತಜ್ಞರು: ಅದ್ಭುತ! ಮನೆಗೆ 5 ಕೆ.ಜಿ. ಕಟ್ಟಿ. ಮಂಡಿ ರೇಟೇ ಹಾಕ್ಕೊಳ್ಳಿ, ಆಯ್ತಾ?

ಗೌಡ್ರು: ಕಥೆ ಬ್ಯಾಡ್ವಾ ಸಾ?

ತಜ್ಞರು: ನನಗ್ಯಾಕೆ ಕಥೆ? ನಾನು ನಿಮ್ಮವನೇ ಅಲ್ವೇ!

ಓದುಗರೇ, ಬೆಲ್ಲಕ್ಕೆ ಬೇಕಿರುವುದು ಕಥೆಯಲ್ಲ. ಆಲೆಮನೆ ಬಾಗಿಲಲ್ಲಿ ನಿಂತು ಚೌಕಾಸಿ ಮಾಡದ ಗಿರಾಕಿ.